ಹೊರಗೆ ಬಣ್ಣ ಹೊಡೆಸಿ ಎರಡೇ ವರ್ಷ, ಒಳಗೆ ಗೋಡೆ ಒಸರುತ್ತಿದೆ. ಯಾರ ಮಾತು ಕೇಳಲಿ?

ಬೊರಿವಲಿ ನಾಲ್ಕನೇ ಮಹಡಿ – ಜೂನ್ 21, ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ಮನೆ ಮುಂಬಯಿಯ ಬೊರಿವಲಿ ಪಶ್ಚಿಮದಲ್ಲಿ. ಏಳು ಮಹಡಿಯ ಕಟ್ಟಡ, ನಮ್ಮದು ನಾಲ್ಕನೆಯದು. ಕಟ್ಟಿ 23 ವರ್ಷವಾಯಿತು. ಮಲಗುವ ಕೋಣೆಯ ಗೋಡೆ ಸೀದಾ ಪಶ್ಚಿಮಕ್ಕಿದೆ, ಎದುರಿಗೆ ಖಾಲಿ ಮೈದಾನ. ಗಾಳಿ ಚೆನ್ನಾಗಿ ಬರುತ್ತದೆ ಅಂತ ಹಟ ಹಿಡಿದು ಈ ಮನೆ ಕೊಂಡವನು ನಾನೇ. ಹಾಗಾಗಿ ಈಗ ಮನೆಯಲ್ಲಿ ಬಾಯಿ ತೆರೆಯುವ ಹಾಗಿಲ್ಲ.

ವಿಷಯ ಇಷ್ಟು. ಕಿಟಕಿಯ ಕೆಳಗೆ ಬಲಗಡೆ ಮೂಲೆ ಒದ್ದೆ. ಮೊದಲ ಜೋರು ಮಳೆಯ ಮಾರನೆ ದಿನ ಅಂಗೈಯಗಲ ಇತ್ತು, ಈಗ ಮೊರದಗಲ ಆಗಿದೆ. ಪುಟ್ಟಿ ಹಪ್ಪಳದ ಹಾಗೆ ಉಬ್ಬಿ ಉದುರುತ್ತಿದೆ. ಬೀರು ಸರಿಸಿ ನೋಡಿದರೆ ಹಿಂದೆಲ್ಲ ಕಪ್ಪು ಬೂಷ್ಟು.

ನಮ್ಮ ಹೌಸಿಂಗ್ ಸೊಸೈಟಿಯವರು ಎರಡು ವರ್ಷದ ಹಿಂದೆ ಇಡೀ ಕಟ್ಟಡಕ್ಕೆ ಹೊರಗಿನಿಂದ ಬಣ್ಣ ಹೊಡೆಸಿದರು. ಒಂದೊಂದು ಮನೆಯವರೂ 40 ಸಾವಿರ ಕೊಟ್ಟಿದ್ದೇವೆ. ಏಳು ವರ್ಷ ಗ್ಯಾರಂಟಿ ಅಂದಿದ್ದ ಕಾಂಟ್ರ್ಯಾಕ್ಟರ್ ಈಗ ಫೋನೇ ಎತ್ತುವುದಿಲ್ಲ. ನಾನು ಒಳಗಿನಿಂದ ಎರಡು ಸಲ ಡ್ಯಾಂಪ್‌ಪ್ರೂಫ್ ಬಳಿಸಿದೆ, ದಂಡ. ಒಬ್ಬ ಪೇಂಟರ್ ಹೊರಗೆ ಇನ್ನೆರಡು ಕೋಟ್ ಹೊಡೆಯಿರಿ ಎನ್ನುತ್ತಾನೆ. ಇನ್ನೊಬ್ಬ ಗೋಡೆಗೆ ತೂತು ಕೊರೆದು ಇಂಜೆಕ್ಷನ್ ಕೊಡಬೇಕು ಎನ್ನುತ್ತಾನೆ, 35 ಸಾವಿರ ಕೇಳುತ್ತಾನೆ. ಸೆಕ್ರೆಟರಿ ಹೇಳುವುದು: "ನೀರು ಬರುತ್ತಿರುವುದು ನಿಮ್ಮ ಗ್ರಿಲ್ಲಿನ ತೂತಿನಿಂದ, ಖರ್ಚು ನಿಮ್ಮದೇ."

ಅನುಭವ ಇದ್ದವರು ಹೇಳಿ ಪುಣ್ಯ ಕಟ್ಟಿಕೊಳ್ಳಿ.

ಡೊಂಬಿವಲಿ 8:14 – ರಾತ್ರಿ 10:19

ಮನೆ ಕೊಳ್ಳುವಾಗ ಎಲ್ಲರೂ ವಾಸ್ತು ನೋಡುತ್ತಾರೆ, ಇರಚಲು ಎಲ್ಲಿಂದ ಹೊಡೆಯುತ್ತದೆ ಅಂತ ಒಬ್ಬರೂ ನೋಡುವುದಿಲ್ಲ.

ಮುಲುಂಡಿನ ಅಕ್ಕ – ರಾತ್ರಿ 10:31

ಪಾಪ, ಅವರನ್ನು ಯಾಕೆ ಚುಚ್ಚುತ್ತೀರಿ. ನಮ್ಮದೂ ಇದೇ ಕಥೆ ಆಗಿತ್ತು. ಒಂದು ಮಾತು ಕೇಳಿ ತಮ್ಮಾ, ಒಳಗಿನಿಂದ ಇನ್ನು ಏನೂ ಬಳಿಯಬೇಡಿ. ಮೂರು ಮಳೆಗಾಲ ನಾನು ಅದೇ ತಪ್ಪು ಮಾಡಿದೆ. ಒಳಗೆ ಬಿಗಿ ಬಣ್ಣ ಬಳಿದರೆ ನೀರು ಬರುವುದು ನಿಲ್ಲುವುದಿಲ್ಲ, ಗೋಡೆಯೊಳಗೇ ನಿಂತು ಪಕ್ಕಕ್ಕೆ ಹರಿಯುತ್ತದೆ. ನಮ್ಮಲ್ಲಿ ಮಲಗುವ ಕೋಣೆಯ ಒದ್ದೆ ದೇವರ ಕೋಣೆಗೆ ಬಂತು. ಉಬ್ಬಿದ ಪುಟ್ಟಿ ಕೆರೆದು ಹಾಗೇ ಬಿಡಿ. ನೋಡಲು ಕೆಟ್ಟದಾಗಿದ್ದರೂ ಗೋಡೆಗೆ ಉಸಿರಾಡಲು ಜಾಗ ಇರುತ್ತದೆ.

ಬೀರು ಅರ್ಧ ಅಡಿ ಮುಂದೆ ಎಳೆಯಿರಿ. ರೇಷ್ಮೆ ಸೀರೆಗಳನ್ನು ಬೇರೆ ಕಡೆ ಇಡಲು ಹೇಳಿ. ಇದನ್ನು ಮೊದಲು ಮಾಡಿ, ಉಳಿದದ್ದು ಆಮೇಲೆ.

ನೆರುಳ್ ನಿವಾಸಿ – ರಾತ್ರಿ 10:40

ಇಂಜೆಕ್ಷನ್ ಮಾಡಿಸಿಬಿಡಿ ಸರ್. ನಮ್ಮ ಭಾವನ ಮನೆಯಲ್ಲಿ ಮಾಡಿಸಿದರು, ಒಂದೇ ದಿನದಲ್ಲಿ ನಿಂತಿತು.

ಸಾರುವೆ ಮೇಲಿನವ – ರಾತ್ರಿ 11:05

ಠಾಣೆಯಲ್ಲಿ ರಿಪೇರಿ ಕಾಂಟ್ರ್ಯಾಕ್ಟರ್ ಹತ್ತಿರ ಸೈಟ್ ಎಂಜಿನಿಯರ್ ನಾನು. ಮೂಲ ಬಾಗಲಕೋಟೆ. ಹದಿನಾಲ್ಕು ವರ್ಷದಿಂದ ಇದೇ ಕೆಲಸ, ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನೆರುಳ್ ಅವರಿಗೆ. ನಿಮ್ಮ ಭಾವನ ಮನೆಯಲ್ಲಿ ಸೋರುತ್ತಿದ್ದದ್ದು ಸ್ಲ್ಯಾಬ್ ಇರಬೇಕು. ಕಾಂಕ್ರೀಟಿನ ಬಿರುಕಿಗೆ, ಜಾಯಿಂಟಿಗೆ ಪಿಯು (ಪಾಲಿಯುರಿಥೇನ್) ಇಂಜೆಕ್ಷನ್ ನಡೆಯುತ್ತದೆ. ಇಟ್ಟಿಗೆ ಗೋಡೆಗೆ ಅದೇ ಮದ್ದು ಕೊಟ್ಟರೆ ರಾಸಾಯನಿಕ ಎಲ್ಲಿ ಹೋಯಿತು ಅಂತ ಕೊಟ್ಟವನಿಗೂ ಗೊತ್ತಾಗುವುದಿಲ್ಲ.

ಈಗ ಬೊರಿವಲಿ ಸರ್‌ಗೆ. ನಿಮಗೆ ಬಂದವರೆಲ್ಲ ಮದ್ದು ಹೇಳಿದ್ದಾರೆ, ರೋಗ ಏನು ಅಂತ ಒಬ್ಬನೂ ನೋಡಿಲ್ಲ. ಒಳಗೆ ಒದ್ದೆ ಕಂಡ ಜಾಗದಲ್ಲೇ ಹೊರಗಿನಿಂದ ನೀರು ನುಗ್ಗಿರಬೇಕು ಅಂತೇನಿಲ್ಲ. ಗಾರೆಯ ಹಿಂದೆ ಇಳಿದು, ಕಿಟಕಿ ಚೌಕಟ್ಟನ್ನು ಸುತ್ತಿ, ಎಲ್ಲಿ ತಡೆ ಸಿಕ್ಕಿತೋ ಅಲ್ಲಿ ಹೊರಗೆ ಬರುತ್ತದೆ. ಕಿಟಕಿಯ ಕೆಳಗಿನ ಒದ್ದೆಗೆ ಕಾರಣ ಕಿಟಕಿಯ ಮೇಲಿನ ಸಜ್ಜಾದಲ್ಲಿ ಇದ್ದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಪಶ್ಚಿಮದ ಗೋಡೆಯ ಪಾಡು ಹೇಗೆ ಗೊತ್ತಾ? ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನದ ಬಿಸಿಲಿಗೆ ಕಾಯುತ್ತದೆ, ರಾತ್ರಿ ತಣ್ಣಗಾಗುತ್ತದೆ. ಕಾಂಕ್ರೀಟ್ ತೊಲೆ ಹಿಗ್ಗುವ ಲೆಕ್ಕ ಬೇರೆ, ಇಟ್ಟಿಗೆಯ ಲೆಕ್ಕ ಬೇರೆ. ಎರಡೂ ಸೇರುವ ಕಡೆ ನೇರ ಗೆರೆ ಎಳೆದ ಹಾಗೆ ಬಿರುಕು ಬಿಡುತ್ತದೆ. ಗಾರೆ ಮಾಡುವಾಗ ಅಲ್ಲಿ ಕೋಳಿ ಜಾಲರಿ (ತೆಳು ತಂತಿಯ ಬಲೆ) ಹೊಡೆಯಬೇಕಿತ್ತು, ಮುಕ್ಕಾಲು ಪಾಲು ಕಟ್ಟಡಗಳಲ್ಲಿ ಹೊಡೆದಿರುವುದಿಲ್ಲ. ಆಮೇಲೆ ಬಣ್ಣದವನು ಬಂದು ಅದೇ ಬಿರುಕಿಗೆ ಪುಟ್ಟಿ ಒರೆಸಿ ಮೇಲೆ ಬಣ್ಣ ಹೊಡೆದು ಹೋಗುತ್ತಾನೆ. ಮುಂದಿನ ಬೇಸಿಗೆಗೆ ಮತ್ತೆ ಬಾಯಿ ಬಿಡುತ್ತದೆ. ಸರಿಯಾದ ಕೆಲಸ ಅಂದರೆ ಬಿರುಕನ್ನು ವಿ ಆಕಾರಕ್ಕೆ ಕೊರೆದು, ಧೂಳು ತೆಗೆದು, ಪಾಲಿಮರ್ ಮಾರ್ಟರ್, ಅಂದರೆ ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆ ತುಂಬಬೇಕು. ಬಣ್ಣ ಅದರ ಮೇಲಿನ ಅಂಗಿ ಅಷ್ಟೇ.

ಅಂದ ಹಾಗೆ, ಗಾರೆ ಕುಟ್ಟಿ ನೋಡಿದರಾ? ಕೀಲಿಕೈಯಿಂದ ಮೆಲ್ಲಗೆ ಬಡಿಯಿರಿ. ಟೊಳ್ಳು ಸದ್ದು ಬಂದರೆ ಗಾರೆ ಗೋಡೆ ಬಿಟ್ಟಿದೆ ಎಂದು ಅರ್ಥ.

ಬೊರಿವಲಿ ನಾಲ್ಕನೇ ಮಹಡಿ – ರಾತ್ರಿ 11:22

ಈಗಲೇ ಬಡಿದು ನೋಡಿದೆ. ಒದ್ದೆ ಇರುವ ಕಡೆ ಟೊಳ್ಳು. ಹೆಂಡತಿ ಎದ್ದು ಬಂದು "ರಾತ್ರಿ ಹನ್ನೊಂದೂವರೆಗೆ ಗೋಡೆ ಯಾಕೆ ಬಡಿಯುತ್ತಿದ್ದೀರಿ" ಅಂದಳು.

ಡೊಂಬಿವಲಿ 8:14 – ರಾತ್ರಿ 11:24

ಪಕ್ಕದ ಮನೆಯವರು ಸೊಸೈಟಿಗೆ ದೂರು ಕೊಡುವ ಮೊದಲು ಮಲಗಿ ಸರ್.

ಮೀರಾ ರೋಡ್ ಮಂಗಳೂರು – ಜೂನ್ 22, ಬೆಳಿಗ್ಗೆ 6:50

ಸೆಕ್ರೆಟರಿ ಹೇಳಿದ್ದು ಪೂರ್ತಿ ಸುಳ್ಳಲ್ಲ ಮಾರಾಯ್ರೆ. ಗ್ರಿಲ್ ಹಾಕುವವನು ಹೊರಗೋಡೆಗೆ ಎಂಟು ಬೋಲ್ಟ್ ಹೊಡೆಯುತ್ತಾನೆ. ಎರಡು ವರ್ಷಕ್ಕೆ ಬೋಲ್ಟ್ ತುಕ್ಕು ಹಿಡಿಯುತ್ತದೆ. ಕಬ್ಬಿಣ ತುಕ್ಕಾದರೆ ಉಬ್ಬುತ್ತದೆ, ಉಬ್ಬಿದರೆ ಸುತ್ತಲಿನ ಗಾರೆ ಒಡೆಯುತ್ತದೆ. ಸಮುದ್ರದ ಉಪ್ಪುಗಾಳಿ ಬೇರೆ. ನಮ್ಮದು ಹಾಗೇ ಆದದ್ದು. ಸ್ಟೀಲ್ ಬೋಲ್ಟ್ ಹಾಕಿಸಿ ಸುತ್ತ ಸೀಲ್ ಮಾಡಿಸಿದ ಮೇಲೆ ನಿಂತಿತು.

ನಾನೂ ಒಬ್ಬ ಸೆಕ್ರೆಟರಿ – ಬೆಳಿಗ್ಗೆ 7:35

ಗ್ರಿಲ್ಲಿನಿಂದ ಅಂತ ಸಾಬೀತಾದರೆ ಸದಸ್ಯರ ಖರ್ಚು, ಒಪ್ಪುತ್ತೇನೆ. ಆದರೆ ನೋಡದೆ ಹಾಗೆ ಹೇಳುವುದು ತಪ್ಪು. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಉಪನಿಯಮದಲ್ಲಿ ಸ್ಪಷ್ಟವಾಗಿದೆ: ಮಳೆನೀರಿನ ಸೋರಿಕೆ, ಹೊರಗಿನ ಸಾಮಾನ್ಯ ಪೈಪು ಮತ್ತು ಡ್ರೈನೇಜ್ ಲೈನಿನ ಸೋರಿಕೆ, ತಾರಸಿ, ಪ್ಯಾರಾಪೆಟ್ ಇವೆಲ್ಲ ಸೊಸೈಟಿಯ ಖರ್ಚಿನಲ್ಲಿ ಆಗಬೇಕು. ಇದಕ್ಕೆಂದೇ ರಿಪೇರಿ ಫಂಡ್ ಇದೆ, ಫ್ಲ್ಯಾಟಿನ ಕಟ್ಟಡ ವೆಚ್ಚದ ಮೇಲೆ ವರ್ಷಕ್ಕೆ ಕನಿಷ್ಠ 0.75 ಶೇಕಡಾ. ಮುಂದೆ ದೊಡ್ಡ ರಿಪೇರಿ ಬಂದರೆ ಅಂತ ಕೂಡಿಡುವ ಸಿಂಕಿಂಗ್ ಫಂಡ್ 0.25 ಶೇಕಡಾ, ಅದು ಬೇರೆ.

ಬಾಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ. ಫೋಟೋ ಸಮೇತ ಅರ್ಜಿ ಬರೆದು ಕೊಡಿ, ಇನ್ನೊಂದು ಪ್ರತಿಯ ಮೇಲೆ ಸಹಿ ಸಿಕ್ಕಾ ಹಾಕಿಸಿಕೊಳ್ಳಿ.

ಇನ್ನೊಂದು ವಿಷಯ. ನಿಮ್ಮ ಕಟ್ಟಡಕ್ಕೆ 23 ವರ್ಷ ಅಂದಿರಿ. 15 ದಾಟಿದ ಮೇಲೆ ಐದು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ (ಕಟ್ಟಡ ಗಟ್ಟಿಯಿದೆಯಾ ಅನ್ನುವ ತಪಾಸಣೆ) ಮಾಡಿಸಬೇಕು, 30 ದಾಟಿದರೆ ಮೂರು ವರ್ಷಕ್ಕೊಮ್ಮೆ. ಆಡಿಟ್ ಆಗಿದೆಯಾ ಅಂತ ಕೇಳಿ. ಆಡಿಟ್ ಇಲ್ಲದೆ ಬಣ್ಣ ಹೊಡೆಸಿದ್ದರೆ ಆ 40 ಸಾವಿರಕ್ಕೆ ಲೆಕ್ಕ ಕೇಳುವ ಹಕ್ಕು ನಿಮಗಿದೆ.

ನೆರುಳ್ ನಿವಾಸಿ – ಬೆಳಿಗ್ಗೆ 8:10

ಕೇಳದಿದ್ದರೆ ಸೀದಾ ರಿಜಿಸ್ಟ್ರಾರ್ ಆಫೀಸಿಗೆ ದೂರು ಕೊಡಿ.

ನಾನೂ ಒಬ್ಬ ಸೆಕ್ರೆಟರಿ – ಬೆಳಿಗ್ಗೆ 8:16

ಸೋರಿಕೆ, ರಿಪೇರಿ ಜಗಳ ಹೋಗುವುದು ಸಹಕಾರಿ ಕೋರ್ಟಿಗೆ. ರಿಜಿಸ್ಟ್ರಾರ್ ಹತ್ತಿರ ಹೋದರೆ ಅವರೇ ವಾಪಸ್ ಕಳಿಸುತ್ತಾರೆ. ಕೋರ್ಟು ಅಂದರೆ ನಾಲ್ಕು ಮಳೆಗಾಲ ಅಂತ ಲೆಕ್ಕ ಇಟ್ಟುಕೊಳ್ಳಿ. ಅದಕ್ಕಿಂತ ಕಮಿಟಿಯವರನ್ನು ಮನೆಗೆ ಕರೆದು ಟೀ ಕೊಟ್ಟು ಗೋಡೆ ತೋರಿಸುವುದು ಒಳ್ಳೆಯದು.

ಡೊಂಬಿವಲಿ 8:14 – ಬೆಳಿಗ್ಗೆ 8:40

ಟೀ ಜೊತೆ ಗೋಳಿಬಜೆ ಕೊಟ್ಟರೆ ತಾರಸಿಯನ್ನೂ ಮಾಡಿಸಿಕೊಡುತ್ತಾರೆ. ನಾನು ಈಗ ಕುರ್ಲಾದಲ್ಲಿ ನಿಂತಿದ್ದೇನೆ, ಹಳಿ ಮೇಲೆ ನೀರು, ಗಾಡಿ ಅಲ್ಲಾಡುತ್ತಿಲ್ಲ. ಎಲ್ಲರೂ ಉದ್ದುದ್ದ ಬರೆಯಿರಿ, ಓದಲು ಟೈಮಿದೆ.

ಕೋಥ್ರೂಡ್ ಕನ್ನಡಿಗ – ಬೆಳಿಗ್ಗೆ 9:02

ನಾವು ಪುಣೆಯಲ್ಲಿ ಕೊನೆಯ ಮಹಡಿ. ನಮ್ಮದು ಗೋಡೆ ಅಲ್ಲ, ಚಾವಣಿ. ತಾರಸಿ ಮೇಲೆ ಹಳೆಯ ಬ್ರಿಕ್‌ಬ್ಯಾಟ್ ಕೋಬಾ ಇದೆ. ಬಿರುಕು ಬಿಟ್ಟಿದೆ ಅಂತ ಹೋದ ವರ್ಷ ಅದರ ಮೇಲೆ ಇನ್ನೊಂದು ಕೋಬಾ ಹಾಕಿಸಿದರು. ಈಗ ಮಳೆ ನಿಂತು ನಾಲ್ಕು ದಿನ ಆದರೂ ತೊಟ್ಟಿಕ್ಕುತ್ತದೆ. ಯಾಕೆ?

ಸಾರುವೆ ಮೇಲಿನವ – ಬೆಳಿಗ್ಗೆ 9:30

ಅಯ್ಯೋ. ಕೋಬಾ ಅಂದರೆ ಇಟ್ಟಿಗೆ ಚೂರನ್ನು ಸಿಮೆಂಟಿನಲ್ಲಿ ಕೂರಿಸಿ ಇಳಿಜಾರು ಮಾಡುವುದು ತಾನೆ. ಚೆನ್ನಾಗಿರುವ ತನಕ ಒಳ್ಳೆಯದೇ, ಬಿಸಿಲೂ ತಡೆಯುತ್ತದೆ. ಬಿರುಕು ಬಿಟ್ಟರೆ ಇಟ್ಟಿಗೆ ಚೂರು ಸ್ಪಂಜಿನ ಹಾಗೆ ನೀರು ಕುಡಿದು ಕೂರುತ್ತದೆ, ನಿಧಾನಕ್ಕೆ ಬಿಡುತ್ತದೆ. ಅದಕ್ಕೇ ಮಳೆ ನಿಂತ ಮೇಲೂ ತೊಟ್ಟಿಕ್ಕುವುದು. ನಿಮ್ಮವರು ಆ ಒದ್ದೆ ಸ್ಪಂಜಿನ ಮೇಲೆ ಮುಚ್ಚಳ ಹಾಕಿದ್ದಾರೆ. ಸ್ಲ್ಯಾಬಿನ ಮೇಲೆ ಭಾರವೂ ಎರಡರಷ್ಟು. ಮಳೆಗಾಲ ಮುಗಿದ ಮೇಲೆ ಎರಡನ್ನೂ ಕಿತ್ತು, ಸ್ಲ್ಯಾಬ್ ಒಣಗಿಸಿ, ಹೊಸದಾಗಿ ಹಾಕಬೇಕು. ಪ್ಯಾರಾಪೆಟ್ ಗೋಡೆ ಸೇರುವ ಕಡೆ ಮೂಲೆಯಲ್ಲಿ ನೀರು ನಿಲ್ಲದ ಹಾಗೆ ಉರುಟಾಗಿ ಗಾರೆಯ ವಾಟಾ ಕಟ್ಟಿಸಿ. ಕೆಲಸ ಮುಗಿದ ಮೇಲೆ ಪೈಪಿನ ಬಾಯಿ ಮುಚ್ಚಿ ಎರಡು ಮೂರು ದಿನ ನೀರು ನಿಲ್ಲಿಸಿ ನೋಡಿಯೇ ದುಡ್ಡು ಕೊಡಿ.

ಕೋಥ್ರೂಡ್ ಕನ್ನಡಿಗ – ಬೆಳಿಗ್ಗೆ 9:41

ಕಿತ್ತು ಹಾಕುವುದಕ್ಕೂ ದುಡ್ಡು, ಹಾಕುವುದಕ್ಕೂ ದುಡ್ಡು. ಮೇಲೆ ಶೆಡ್ ಹಾಕಿಸಿದರೆ ಅಗ್ಗ ಆಗುವುದಿಲ್ಲವಾ?

ನಾನೂ ಒಬ್ಬ ಸೆಕ್ರೆಟರಿ – ಬೆಳಿಗ್ಗೆ 9:48

ಪರವಾನಗಿ ತಗೊಂಡು ಹಾಕಿಸಿ. ಇಲ್ಲದಿದ್ದರೆ ಶೆಡ್ಡೂ ಹೋಗುತ್ತದೆ, ದಂಡವೂ ಬರುತ್ತದೆ.

ಮಾಟುಂಗಾ ಹಳಬ – ಬೆಳಿಗ್ಗೆ 10:15

ಪುಣೆಯವರು ಮಳೆ ಅಂತ ಅಳುವುದು ನೋಡಿ ನಗು ಬಂತು. ಮುಂಬಯಿಗೆ ನಾಲ್ಕು ತಿಂಗಳಲ್ಲಿ ಎರಡು ಸಾವಿರ ಮಿಲಿಮೀಟರ್ ದಾಟುತ್ತದೆ. ನಿಮ್ಮಲ್ಲಿ ಅದರ ಮೂರನೇ ಒಂದು ಪಾಲು ಬಂದರೆ ಹೆಚ್ಚು.

2005ರ ಜುಲೈ 26 ನೆನಪಿದೆಯಾ? ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್. ನಾನು ಅಂಧೇರಿಯಿಂದ ಮಾಟುಂಗಾಕ್ಕೆ ಎದೆಮಟ್ಟದ ನೀರಿನಲ್ಲಿ ನಡೆದು ಬಂದವನು. ನಮ್ಮ ನೆಲಮಹಡಿಯ ಗೋಡೆ ಒಣಗಿದ್ದು ದೀಪಾವಳಿಗೆ. ಒಣಗಿದ ಮೇಲೆ ನೋಡಿದರೆ ಗೋಡೆ ತುಂಬ ಬಿಳಿ ಉಪ್ಪು. ಮರಾಠಿಯವರು ಲೋಣಾ ಅನ್ನುತ್ತಾರೆ. ಎಷ್ಟು ಒರೆಸಿದರೂ ಮತ್ತೆ ಬರುತ್ತಿತ್ತು.

ಕೋಥ್ರೂಡ್ ಕನ್ನಡಿಗ – ಬೆಳಿಗ್ಗೆ 10:21

ಮಳೆ ಕಡಿಮೆ ಇರಬಹುದು ಹಿರಿಯರೇ, ತೊಟ್ಟಿಕ್ಕುವ ನೀರು ತಲೆಗೆ ಬಿದ್ದರೆ ಎಲ್ಲ ಊರಲ್ಲೂ ಅಷ್ಟೇ ತಣ್ಣಗೆ.

ವಾಸ್ಕೋದಿಂದ – ಬೆಳಿಗ್ಗೆ 11:10

ಗೋವಾ ಕಡೆಯಿಂದ ಒಂದು ಮಾತು. ಇಲ್ಲಿನ ಹಳೆಯ ಮನೆಗಳೆಲ್ಲ ಚಿರೆಕಲ್ಲಿನವು, ಅಂದರೆ ನಮ್ಮ ಮುರಕಲ್ಲು. ತೂತುತೂತಿನ ಕಲ್ಲು, ನೀರು ಕುಡಿಯುತ್ತದೆ. ಅದಕ್ಕೆ ಹಿಂದಿನವರು ಸುಣ್ಣದ ಗಾರೆ ಮಾಡುತ್ತಿದ್ದರು. ಒದ್ದೆಯಾದರೂ ಬಿಸಿಲು ಬಿದ್ದಾಗ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ನಾನು ಬಾಡಿಗೆಗೆ ಇರುವ ಮನೆಯ ಯಜಮಾನರು ಅದರ ಮೇಲೆ ದಪ್ಪ ಸಿಮೆಂಟ್ ಗಾರೆ, ಮೇಲೆ ರಬ್ಬರಿನಂಥ ಬಣ್ಣ ಹಾಕಿಸಿದರು. ಬುಡದಿಂದ ಏರಿದ ತೇವಕ್ಕೆ ಹೊರಗೆ ಹೋಗಲು ದಾರಿಯೇ ಇಲ್ಲ. ಈಗ ಇಡೀ ಬಣ್ಣ ಬಲೂನಿನ ಹಾಗೆ ಉಬ್ಬಿದೆ. ಸೂಜಿ ಚುಚ್ಚಿದರೆ ನೀರು ಬರುತ್ತದೆ, ಸುಳ್ಳಲ್ಲ. ಮಕ್ಕಳಿಗೆ ಆಟ.

ಕುಂದಾಪುರ ಕ್ಯಾಂಟೀನ್ – ಬೆಳಿಗ್ಗೆ 11:32

ನಮ್ಮ ಊರ ಮನೆಯಲ್ಲಿ ಬಣ್ಣವೂ ಇಲ್ಲ, ಇಂಜೆಕ್ಷನ್ನೂ ಇಲ್ಲ. ಮೇ ಕೊನೆಗೆ ಅಜ್ಜ ತೆಂಗಿನ ಮಡಲು ಹೆಣೆದು ಇರಚಲು ಹೊಡೆಯುವ ಬದಿಗೆ ತಟ್ಟಿ ಕಟ್ಟುತ್ತಿದ್ದರು. ಮಾಡಿನ ಅಂಚು ಗೋಡೆಯಿಂದ ಮೂರು ಅಡಿ ಮುಂದೆ. ಗೋಡೆಗೆ ಮಳೆ ತಾಗಿದರೆ ತಾನೆ ಸೋರುವುದು! ಈಗಿನ ಕಟ್ಟಡಗಳಿಗೆ ಒಂದೂವರೆ ಅಡಿ ಸಜ್ಜಾ ಕೊಟ್ಟರೆ ಬಿಲ್ಡರಿಗೆ ಕಣ್ಣೀರು ಬರುತ್ತದೆ.

ವಾಸ್ಕೋದಿಂದ – ಬೆಳಿಗ್ಗೆ 11:36

ಇಲ್ಲೂ ಮಣ್ಣಿನ ಗೋಡೆಗೆ ಮಡಲು ಮುಚ್ಚುವುದಿತ್ತು. ಈಗ ಎಲ್ಲ ನೀಲಿ ಪ್ಲಾಸ್ಟಿಕ್.

ಮುಲುಂಡಿನ ಅಕ್ಕ – ಬೆಳಿಗ್ಗೆ 11:50

ಕುಂದಾಪುರದವರೇ, ಆ ತಟ್ಟಿಯ ಮರೆಯಲ್ಲಿ ಕೂತು ಹಲಸಿನ ಹಪ್ಪಳ ಸುಟ್ಟು ತಿಂದದ್ದು ನೆನಪಾಯಿತು. ಇಲ್ಲಿ ಹಪ್ಪಳ ಬಿಟ್ಟು ಪುಟ್ಟಿ ಏಳುತ್ತದೆ.

ಮೀರಾ ರೋಡ್ ಮಂಗಳೂರು – ಮಧ್ಯಾಹ್ನ 12:20

ನಾಲ್ಕನೇ ಮಹಡಿಗೆ ಮಡಲು ಕಟ್ಟುವುದು ಹೇಗೆ ಮಾರಾಯ್ರೆ, ಈಗ ಏನು ಮಾಡಬೇಕು ಹೇಳಿ. ಈ ಮಳೆಗಾಲ ಕಳೆಯುವ ತನಕ ತಾರಸಿಯಿಂದ ಟಾರ್ಪಾಲು ಇಳಿಬಿಡಲಿ.

ಸಾರುವೆ ಮೇಲಿನವ – ಮಧ್ಯಾಹ್ನ 12:31

ತಾಡಪತ್ರಿ ಇಳಿಬಿಟ್ಟರೆ ಕೆಳಗಿನ ತುದಿಯನ್ನೂ ಬಿಗಿಯಬೇಕು. ಇಲ್ಲದಿದ್ದರೆ ಗಾಳಿಗೆ ಪಟಪಟ ಬಡಿದು ಇರುವ ಗಾರೆಯೂ ಉದುರುತ್ತದೆ.

ಮೀರಾ ರೋಡ್ ಮಂಗಳೂರು – ಮಧ್ಯಾಹ್ನ 12:33

ತಾಡಪತ್ರಿ ಅಂದರೆ ಟಾರ್ಪಾಲೇ ತಾನೆ?

ಸಾರುವೆ ಮೇಲಿನವ – ಮಧ್ಯಾಹ್ನ 12:34

ಹೌದ್ರೀ. ನಮ್ಮ ಕಡೆಗೂ ಇಲ್ಲಿನ ಮರಾಠಿಯಲ್ಲೂ ತಾಡಪತ್ರಿ. ಟಾರ್ಪಾಲು ನಿಮ್ಮ ಕಡೆಯದು.

ಡೊಂಬಿವಲಿ 8:14 – ಮಧ್ಯಾಹ್ನ 12:36

ಘಟ್ಟದ ಮೇಲೆ ನಮ್ಮದು ತಾಡಪಾಲು. ಒಟ್ಟು ನೀಲಿ ಬಣ್ಣದ್ದು. (ಗಾಡಿ ಬಿಟ್ಟಿತು. ಆಫೀಸಿಗೆ ಹೋಗುವ ಹೊತ್ತಿಗೆ ಮನೆಗೆ ಬರುವ ಹೊತ್ತಾಗುತ್ತದೆ.)

ಬೊರಿವಲಿ ನಾಲ್ಕನೇ ಮಹಡಿ – ಸಂಜೆ 7:45

ಎಲ್ಲರ ಮಾತೂ ಓದಿದೆ. ಒಂದು ಹೊಸ ಹೆದರಿಕೆ. ಒದ್ದೆಯ ಹತ್ತಿರ ಒಂದು ಪ್ಲಗ್ ಪಾಯಿಂಟ್ ಇದೆ. ಇವತ್ತು ಗೋಡೆ ಮುಟ್ಟಿದಾಗ ಸಣ್ಣಗೆ ಜುಮ್ ಅಂದ ಹಾಗಾಯಿತು. ಭ್ರಮೆಯೋ ಏನೋ.

ಸಾರುವೆ ಮೇಲಿನವ – ಸಂಜೆ 7:49

ಭ್ರಮೆ ಅಂತ ಬಿಡಬೇಡಿ! ಮೊದಲು ಬೋರ್ಡಿನಲ್ಲಿ ಆ ಕೋಣೆಯ ಎಂಸಿಬಿ ಸ್ವಿಚ್ ಆರಿಸಿ. ಗೋಡೆ ಮುಟ್ಟಬೇಡಿ, ಮಕ್ಕಳನ್ನು ಆ ಕಡೆ ಬಿಡಬೇಡಿ. ಎಲೆಕ್ಟ್ರಿಷಿಯನ್ ಕರೆದು ಆ ಪಾಯಿಂಟಿನ ವೈರ್ ಬಿಚ್ಚಿಸಿ. ಬೋರ್ಡಿನಲ್ಲಿ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್) ಇದೆಯಾ ನೋಡಿಸಿ, ಇಲ್ಲದಿದ್ದರೆ ನಾಳೆಯೇ ಹಾಕಿಸಿ. ಬಣ್ಣ, ಸೊಸೈಟಿ, ಕೋರ್ಟು ಎಲ್ಲ ಆಮೇಲೆ.

ಬೊರಿವಲಿ ನಾಲ್ಕನೇ ಮಹಡಿ – ರಾತ್ರಿ 9:30

ಆರಿಸಿದೆ. ಎಲೆಕ್ಟ್ರಿಷಿಯನ್ ಬಂದು ಪಾಯಿಂಟ್ ಬಿಚ್ಚಿದ. ಡಬ್ಬಿಯೊಳಗೆ ನೀರಿತ್ತು. ಇಎಲ್‌ಸಿಬಿ ಇರಲಿಲ್ಲ, ನಾಳೆ ಹಾಕುತ್ತಾನೆ. ಕೈಕಾಲು ಇನ್ನೂ ನಡುಗುತ್ತಿದೆ.

ಮುಲುಂಡಿನ ಅಕ್ಕ – ರಾತ್ರಿ 9:34

ದೇವರು ದೊಡ್ಡವನು. ಬಿಸಿ ಹಾಲು ಕುಡಿದು ಮಲಗಿ.

ಸಾರುವೆ ಮೇಲಿನವ – ಜೂನ್ 23, ಬೆಳಿಗ್ಗೆ 8:00

ಈಗ ನೀರಿನ ದಾರಿ ಹುಡುಕೋಣ. ಖರ್ಚಿಲ್ಲದ ಪರೀಕ್ಷೆ. ಮಳೆ ಒಂದೆರಡು ದಿನ ಬಿಡುವು ಕೊಟ್ಟಾಗ ಮಾಡಿ. ಪೈಪ್ ಹಿಡಿದು ಕೆಳಗಿನಿಂದ ಮೇಲಕ್ಕೆ ಬನ್ನಿ. ಮೊದಲು ಕಿಟಕಿಯ ಕೆಳಗಿನ ಗೋಡೆ, ಹದಿನೈದು ನಿಮಿಷ. ಆಮೇಲೆ ಕಿಟಕಿಯ ಕೆಳಪಟ್ಟಿ. ಆಮೇಲೆ ಪಕ್ಕಗಳು. ಕೊನೆಗೆ ಮೇಲಿನ ಸಜ್ಜಾ. ಮೇಲಿನಿಂದ ಶುರು ಮಾಡಿದರೆ ನೀರು ಕೆಳಗೆಲ್ಲ ಹರಿದು ಯಾವುದರಿಂದ ಬಂತು ಅಂತ ಗೊತ್ತಾಗುವುದಿಲ್ಲ. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂತಿರಲಿ. ಸಜ್ಜಾದ ಮೇಲೆ ಹಾಕುವ ನೀರಿಗೆ ಬಟ್ಟೆಗೆ ಹಾಕುವ ನೀಲಿ ಬೆರೆಸಿ, ದಾರಿ ತೋರಿಸುತ್ತದೆ. ಹೊರಗೆ ಬಗ್ಗಬೇಡಿ, ಜೀವ ದೊಡ್ಡದು. ಸಜ್ಜಾಕ್ಕೆ ಮೇಲಿನ ಮನೆಯ ಕಿಟಕಿಯಿಂದ ನೀರು ಹಾಕಿಸಿ.

ಬೊರಿವಲಿ ನಾಲ್ಕನೇ ಮಹಡಿ – ಜೂನ್ 29, ಮಧ್ಯಾಹ್ನ 3:20

ಪರೀಕ್ಷೆ ಮಾಡಿದೆವು. ಪೂರ್ತಿ ಬರೆಯಲೇಬೇಕು.

ಎರಡು ದಿನ ಮಳೆ ಇರಲಿಲ್ಲ. ಬೆಳಿಗ್ಗೆ ಶುರು ಮಾಡಿದೆವು. ನಾನು ಪೈಪು, ಮಗಳು ಒಳಗೆ ಟಾರ್ಚು. ಕಿಟಕಿಯ ಕೆಳಗಿನ ಗೋಡೆಗೆ ಹದಿನೈದು ನಿಮಿಷ ನೀರು ಬಿಟ್ಟೆ, ಏನೂ ಇಲ್ಲ. ಅಂದರೆ ಸೊಸೈಟಿಯ ಬಣ್ಣಕ್ಕೆ ಇಷ್ಟು ದಿನ ಬೈದದ್ದು ಅರ್ಧ ದಂಡ. ಗ್ರಿಲ್ಲಿನ ಬೋಲ್ಟುಗಳಿಗೂ ಬಿಟ್ಟೆ. ಏನೂ ಇಲ್ಲ. ಇದನ್ನು ವಿಡಿಯೋ ಮಾಡಿಕೊಂಡೆ, ಸೆಕ್ರೆಟರಿಗೆ ತೋರಿಸಲು.

ಆಮೇಲೆ ಕಿಟಕಿಯ ಕೆಳಪಟ್ಟಿ. ಸ್ಲೈಡಿಂಗ್ ಟ್ರ್ಯಾಕ್ ತುಂಬಿತು, ತುಂಬಿ ಒಳಗೇ ಚೆಲ್ಲಿತು! ಆ ಟ್ರ್ಯಾಕಿಗೆ ಹೊರಬದಿಯಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವಂತೆ. ನಮ್ಮದರಲ್ಲಿ ಅವೆಲ್ಲ ಸಿಲಿಕಾನ್ ಹಾಕಿ ಮುಚ್ಚಿಹೋಗಿವೆ. ಹಾಕಿದ್ದು ಯಾರು? ಎರಡು ವರ್ಷದ ಹಿಂದೆ ನಾನೇ. ಹಬ್ಬದ ರಜೆಯಲ್ಲಿ ಒಂದು ಟ್ಯೂಬ್ ತಂದು, ಎಲ್ಲೆಲ್ಲಿ ತೂತು ಕಂಡಿತೋ ಅಲ್ಲೆಲ್ಲ ತುಂಬಿದ್ದೆ. ಮಗಳು ನಗುತ್ತಿದ್ದಾಳೆ.

ಕೊನೆಗೆ ಸಜ್ಜಾ. ಐದನೇ ಮಹಡಿಯ ಕಾಕು (ಮರಾಠಿ ಚಿಕ್ಕಮ್ಮ) ಒಳಗೆ ಬಿಟ್ಟರು. ಅವರ ಕಿಟಕಿಯಿಂದ ಬಗ್ಗದೆ ಫೋನಿನಲ್ಲಿ ಫೋಟೋ ತೆಗೆದು ನೋಡಿದರೆ ನಮ್ಮ ಸಜ್ಜಾ ಪಾರಿವಾಳದ ಛತ್ರ. ಗೂಡು, ಪುಕ್ಕ, ಹಿಕ್ಕೆ ಸೇರಿ ನಾಲ್ಕು ಬೆರಳು ದಪ್ಪ ಗೊಬ್ಬರ. ಅದರ ಮಧ್ಯೆ ಕಾಕುವಿನ ಎಸಿ ಕೂತಿದೆ. ಸಜ್ಜಾದ ಇಳಿಜಾರು ಹೊರಗಿಲ್ಲ, ಗೋಡೆಯ ಕಡೆಗಿದೆ. ಗೋಡೆ ಸೇರುವ ಕಡೆ ಬೆರಳು ಹೋಗುವಷ್ಟು ಸೀಳು. ನೀಲಿ ನೀರು ಎರಡು ಮಗ್ ಹಾಕಿದರು. ಹನ್ನೊಂದು ನಿಮಿಷಕ್ಕೆ ನಮ್ಮ ಕಿಟಕಿ ಚೌಕಟ್ಟಿನ ಬಲ ಮೂಲೆಯಲ್ಲಿ ನೀಲಿ ಹನಿ!

ಸಾರುವೆ ಅಣ್ಣಾ, ನೀವು ಮೊದಲ ದಿನವೇ ಸಜ್ಜಾ ಅಂದಿದ್ದಿರಿ.

ಡೊಂಬಿವಲಿ 8:14 – ಮಧ್ಯಾಹ್ನ 3:26

ಸಿಲಿಕಾನ್ ವಿಷಯ ಸೆಕ್ರೆಟರಿಗೆ ಹೇಳಬೇಡಿ.

ನಾನೂ ಒಬ್ಬ ಸೆಕ್ರೆಟರಿ – ಮಧ್ಯಾಹ್ನ 3:40

ಹೇಳಲಿ, ತಪ್ಪೇನು. ಟ್ರ್ಯಾಕ್ ಅವರದು, ಸಜ್ಜಾ ಸೊಸೈಟಿಯದು. ಬಣ್ಣ ಹೊಡೆಸಿದಾಗ ಸಜ್ಜಾದ ಮೇಲೆ ಯಾರೂ ಹತ್ತಿ ನೋಡಿಲ್ಲ, ಅದನ್ನು ಕೇಳಿ. ಕೆಳಗಿನಿಂದ ಕಾಣುವ ಕಡೆ ಬಣ್ಣ, ಕಾಣದ ಕಡೆ ರಾಮಾ ಕೃಷ್ಣಾ.

ಸಾರುವೆ ಮೇಲಿನವ – ಸಂಜೆ 6:15

ಅಣ್ಣ ಅನ್ನಬೇಡಿ ಸರ್, ನಾನು ನಿಮಗಿಂತ ಚಿಕ್ಕವನಿರಬಹುದು.

ಈಗ ಮಾಡಬೇಕಾದದ್ದು: ಟ್ರ್ಯಾಕಿನ ತೂತಿನಿಂದ ಸಿಲಿಕಾನ್ ಬ್ಲೇಡಿನಲ್ಲಿ ತೆಗೆಯಿರಿ, ಇವತ್ತೇ ಆಗುತ್ತದೆ. ಸಜ್ಜಾ ಸ್ವಚ್ಛ ಮಾಡಿಸಿ. ಹಗ್ಗದ ಕೆಲಸದವರನ್ನು ಸೊಸೈಟಿಯಿಂದಲೇ ಕರೆಸಿ, ಬೆಲ್ಟ್ ಇಲ್ಲದೆ ಯಾರನ್ನೂ ಇಳಿಸಬೇಡಿ. ಪಾರಿವಾಳದ ಹಿಕ್ಕೆ ಒಣಗಿದ ಧೂಳು ಶ್ವಾಸಕ್ಕೆ ಕೆಟ್ಟದ್ದು, ನೀರು ಚಿಮುಕಿಸಿ, ಮಾಸ್ಕ್ ಹಾಕಿ ತೆಗೆಯಲಿ. ಒಂದು ದಿನ ಒಣ ಸಿಕ್ಕಿದರೂ ಸೀಳಿಗೆ ಪಾಲಿಮರ್ ಮಾರ್ಟರ್ ತುಂಬಿ ವಾಟಾ ಕಟ್ಟಬಹುದು. ಇಳಿಜಾರು ತಿರುಗಿಸುವ ಕೆಲಸ ಅಕ್ಟೋಬರ್ ನಂತರ. ಆಗ ಸಜ್ಜಾದ ಕೆಳ ಅಂಚಿಗೆ ನೀರು ಅಲ್ಲೇ ತೊಟ್ಟಿಕ್ಕುವ ಹಾಗೆ ಉದ್ದಕ್ಕೆ ಸಣ್ಣ ತೋಡು ಕೂಡ ಕೊಡಿಸಿ, ಇಲ್ಲದಿದ್ದರೆ ಅಡಿಯಿಂದ ಹರಿದು ವಾಪಸ್ ಗೋಡೆಗೇ ಬರುತ್ತದೆ. ಎಸಿಯ ಪೈಪು ಹೋಗುವ ತೂತು ಹೊರಗೆ ಇಳಿಜಾರಾಗಿರಲಿ.

ಒಳಗೆ ಗಾರೆ ಹೊಸದಾಗಿ ಮಾಡಿಸಿದರೆ ಏಳು ದಿನ ನೀರುಣಿಸಿ, ನಾಲ್ಕು ವಾರ ಬಿಟ್ಟು ಬಣ್ಣ. ಪೇಂಟರ್ ಅವಸರ ಮಾಡುತ್ತಾನೆ, ಕೇಳಬೇಡಿ.

ಮಾಟುಂಗಾ ಹಳಬ – ಸಂಜೆ 6:50

ಪಾರಿವಾಳಕ್ಕೆ ಕಾಳು ಹಾಕುವವರನ್ನು ಹಿಡಿದು ಸಜ್ಜಾ ತೊಳೆಸಬೇಕು.

ಮುಲುಂಡಿನ ಅಕ್ಕ – ಸಂಜೆ 6:58

ಶುರುವಾಯಿತು. ಈ ಜಗಳಕ್ಕೆ ಬೇರೆ ಚರ್ಚೆ ತೆರೆಯಿರಿ ಹಿರಿಯರೇ, ಇಲ್ಲಿ ಬೇಡ.

ಬೊರಿವಲಿ ನಾಲ್ಕನೇ ಮಹಡಿ – ಜುಲೈ 11, ರಾತ್ರಿ 9:05

ಸಜ್ಜಾ ತೊಳೆದು ಸೀಳು ತುಂಬಿದರು. ಸೊಸೈಟಿಯೇ ಕೊಟ್ಟಿತು, ವಿಡಿಯೋ ನೋಡಿ ಸುಮ್ಮನಾದರು. ಕಾಕು ಎಸಿಯನ್ನು ಸ್ಟ್ಯಾಂಡಿನ ಮೇಲೆ ಎತ್ತಿಸಿದರು. ಕಳೆದ ನಾಲ್ಕು ದಿನ ಬಿಡದೆ ಹೊಡೆದಿದೆ, ಒದ್ದೆ ಮೊರದಗಲದಿಂದ ಮುಂದೆ ಹೋಗಿಲ್ಲ. ಒಣಗಿಯೂ ಇಲ್ಲ. ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದು ತಾರೀಕು ಬರೆದಿದ್ದೇನೆ. ಇಳಿಜಾರಿನ ಕೆಲಸಕ್ಕೆ ಅರ್ಧ ದುಡ್ಡು ನಾನು ಕೊಡಬೇಕಂತೆ. ಮಹಾಸಭೆಯಲ್ಲಿ ನೋಡಿಕೊಳ್ಳುತ್ತೇನೆ.

ಕಾಂದಿವಲಿ ಹೊಸಬ – ಜುಲೈ 11, ರಾತ್ರಿ 9:40

ಎಲ್ಲ ಓದಿದೆ, ತುಂಬ ಉಪಯೋಗ ಆಯಿತು. ನಮ್ಮದೂ ಗೋಡೆ ಒದ್ದೆ. ಆದರೆ ಪೂರ್ವದ್ದು. ಜನವರಿಯಲ್ಲೂ ಒದ್ದೆ ಇತ್ತು. ಯಾವ ಬಣ್ಣ ಒಳ್ಳೆಯದು?

ಸಾರುವೆ ಮೇಲಿನವ – ಜುಲೈ 11, ರಾತ್ರಿ 9:52

ಜನವರಿಯಲ್ಲಿ ಮಳೆ ಎಲ್ಲಿಂದ ಬಂತು ಸರ್? ಆ ಗೋಡೆಯ ಆಚೆ ಬದಿಗೆ ಯಾರ ಬಚ್ಚಲಿದೆ, ಮೊದಲು ಅದನ್ನು ನೋಡಿ ಬನ್ನಿ.